ಪಾಡ್‌ಕಾಸ್ಟ್ | ವಿಮಾನ ಬಾರದ ದಿನದ ಲೆಕ್ಕ ಮೊದಲು ಹಾಕ್ರಿ

ನಾನು ಮುಧೋಳ ತಾಲೂಕಿನ ಲೋಕಾಪುರದವ. ಈಗ ಕೆನಡಾದಾಗ, ಟೊರಾಂಟೊ ಹತ್ತಿರ ಇರ್ತೇನಿ. ಬೇಸಿಗೆ ಬಂತಂದ್ರ ಇಲ್ಲಿನ ನಮ್ಮ ಮಂದಿ ಮನಿಗೆ ಊರಿಂದ ಅಪ್ಪ, ಅವ್ವ ಬರ್ತಾರ. ನಯಾಗರಾ ತೋರಿಸ್ತಾರ, ಸಿಎನ್ ಟವರ್ ಹತ್ತಿಸ್ತಾರ. ಮೂರನೇ ವಾರಕ್ಕ ಏನು ತೋರಿಸಬೇಕು ಅನ್ನೋದೇ ತಿಳಿಯೂದಿಲ್ಲ. ಆಗ ಯಾರೋ ಒಬ್ಬರು ಹೇಳ್ತಾರ, ‘ವಿಮಾನದಾಗ ಕೂತು ಕಾಡಿನ ಕೆರೆಗೆ ಹೋಗ್ರಿ, ಮೀನು ಹಿಡೀರಿ’ ಅಂತ. ಇದಕ್ಕ ಇಲ್ಲಿ ಫ್ಲೈ-ಇನ್ ಫಿಶಿಂಗ್ ಅಂತಾರ.

ಒಂಟಾರಿಯೊ ಪ್ರಾಂತ್ಯ ಒಂದರಲ್ಲೇ ಸುಮಾರು 2.5 ಲಕ್ಷ ಸರೋವರಗಳಿವೆ. ಉತ್ತರ ಭಾಗದ ಬಹಳಷ್ಟಕ್ಕೆ ರಸ್ತೆನೇ ಇಲ್ಲ. ಟೊರಾಂಟೊದಿಂದ ಹರ್ಸ್ಟ್ ಅನ್ನೋ ಊರಿಗೆ ರಸ್ತೆ ಮೇಲೆ 900 ಕಿಲೋಮೀಟರಿಗಿಂತ ಹೆಚ್ಚು. ಹೆಚ್ಚುಕಡಿಮೆ ಲೋಕಾಪುರದಿಂದ ಬೆಂಗಳೂರಿಗೆ ಹೋಗಿ ಬಂದಷ್ಟು ದಾರಿ. (ಆ ಊರಾಗ ಹೆಚ್ಚಿನವರು ಮಾತಾಡೋದು ಫ್ರೆಂಚ್. ಅಪ್ಪಾರಿಗೆ ಮೊದಲೇ ಹೇಳಿಡ್ರಿ, ಗಾಬರಿ ಆಗಬಾರದು.) ಅಲ್ಲಿಂದ ನೀರಿನ ಮ್ಯಾಲೆ ಇಳಿಯೋ ಸಣ್ಣ ವಿಮಾನ ನಿಮ್ಮನ್ನ ಒಂದು ಕಟ್ಟಿಗೆ ಮನಿ ಮುಂದೆ ಬಿಟ್ಟು ಹಾರಿ ಹೋಗ್ತದ. ಮತ್ತ ಬರೋದು ನಾಲ್ಕು ದಿನಕ್ಕೋ, ವಾರಕ್ಕೋ. ನಡುವೆ ಫೋನಿಲ್ಲ, ಕರೆಂಟಿಲ್ಲ, ನೆರೆಯವರಿಲ್ಲ.

ಮೀನು ಹೆಂಗ ಹಿಡೀಬೇಕು ಅಂತ ಕಲಿಸೋರು ಬೇಕಾದಷ್ಟು ಜನ ಇದ್ದಾರ. ನಾನು ಇವತ್ತು ಮಾತಾಡೋದು 65 ದಾಟಿದ, ಸಕ್ಕರೆ ಕಾಯಿಲೆ ಇರೋ ಅಪ್ಪನ್ನ ಕರ್ಕೊಂಡು ಹೋಗೋರ ಜೊತೆ. ನಿಮ್ಮ ತಯಾರಿ ಶುರು ಆಗಬೇಕಾದ್ದು ವಿಮಾನ ಬರೋ ದಿನದಿಂದಲ್ಲ, ಬಾರದ ದಿನದಿಂದ.

ಯಾಕಂದ್ರ ಈ ವಿಮಾನಗಳನ್ನ ಪೈಲಟ್ ಕಣ್ಣಳತೆಯಿಂದ ಓಡಿಸ್ತಾನ. ಬಹಳ ಕಡೆ ಇವತ್ತಿಗೂ ಹಾರೋದು ಬೀವರ್ ಅನ್ನೋ ವಿಮಾನ. ಅದು ಮೊದಲ ಸಲ ಹಾರಿದ್ದು 1947ರಾಗ. ಗಟ್ಟಿ ಮಷಿನ್, ಅದರ ಬಗ್ಗೆ ಮಾತಿಲ್ಲ. ಆದ್ರ ಮಂಜು ಕವಿದ್ರ, ಕೆರೆ ಮ್ಯಾಲೆ ದೊಡ್ಡ ಅಲೆ ಎದ್ರ, ಕತ್ತಲಾದ್ರ ಅದು ಬರೂದಿಲ್ಲ. ಕಾಡ್ಗಿಚ್ಚಿನ ಹೊಗೆನೂ ಸೇರಿಸ್ರಿ. 2023ರಾಗ ಕೆನಡಾದಾಗ 1.5 ಕೋಟಿ ಹೆಕ್ಟೇರಿಗೂ ಹೆಚ್ಚು ಕಾಡು ಸುಟ್ಟಿತ್ತು. ‘ಇವತ್ತು ಆಗೂದಿಲ್ಲ, ನಾಳೆ ನೋಡೋಣ’ ಅನ್ನೋ ಪೈಲಟ್ಟೇ ಒಳ್ಳೆ ಪೈಲಟ್. ಅವನ ಮ್ಯಾಲೆ ಸಿಟ್ಟು ಬ್ಯಾಡ.

ಆದ್ದರಿಂದ ಅಪ್ಪಾರ ಭಾರತದ ಟಿಕೆಟ್ ಆ ವಾರದಾಗ ಇರಲೇಬಾರದು. ಗುಳಿಗೆ, ಇನ್ಸುಲಿನ್ ಲೆಕ್ಕಕ್ಕಿಂತ ಕನಿಷ್ಠ ಮೂರು ದಿನದ್ದು ಹೆಚ್ಚಿಗೆ ಇರಲಿ, ಅದೂ ಎರಡು ಚೀಲದಾಗ ಹಂಚಿ. ಒಂದು ಚೀಲ ಅವರ ಮಡಿಲಲ್ಲೇ ಇರಬೇಕು. ಸಾಮಾನು ಕೆಲವೊಮ್ಮೆ ಎರಡನೇ ಟ್ರಿಪ್ಪಿಗೆ ಬರ್ತದ. ಆ ಮನಿಯೊಳಗೆ ಗ್ಯಾಸ್ ಮ್ಯಾಲೆ ನಡಿಯೋ ಫ್ರಿಜ್ ಐತೇನು ಅಂತ ಮೊದಲೇ ಕೇಳ್ರಿ. ಇನ್ಸುಲಿನ್ ಐಸ್ ಪಕ್ಕ ಇಡಬ್ಯಾಡ್ರಿ. ಒಮ್ಮೆ ಹೆಪ್ಪುಗಟ್ಟಿದ್ದನ್ನ ಕರಗಿಸಿ ಚುಚ್ಚೂ ಹಂಗಿಲ್ಲ, ಎಸೀಬೇಕು. ಇಡೀ ದಿನ ದೋಣಿಯಾಗ ಕೂತು ಊಟದ ಹೊತ್ತು ತಪ್ಪಿದ್ರ ಸಕ್ಕರೆ ಇಳೀತದ, ಅದಕ್ಕ ಕಿಸೆಯಾಗ ಗ್ಲೂಕೋಸ್ ಇರಲಿ.

ವಿಮೆ ಕಾಗದ ಓದ್ರಿ. ಸೂಪರ್ ವೀಸಾ ಮ್ಯಾಲೆ ಬಂದ ತಂದೆ-ತಾಯಿಗೆ ಕನಿಷ್ಠ 1 ಲಕ್ಷ ಡಾಲರ್ ಆರೋಗ್ಯ ವಿಮೆ ಇರಲೇಬೇಕು, ಸರಿ. ಆದ್ರ ಮೊದಲಿನಿಂದ ಇದ್ದ ಕಾಯಿಲೆಗೆ ಅದು ನಡೀತದೇನು? ಕಾಡಿಂದ ವಿಮಾನದಾಗ ಎತ್ಕೊಂಡು ಬರೋ ಖರ್ಚು ಅದರಾಗ ಬರ್ತದೇನು? ಈ ಎರಡಕ್ಕೂ ಬರವಣಿಗೆಯಲ್ಲಿ ಉತ್ತರ ಸಿಗೋ ತನಕ ಮುಂಗಡ ಕಟ್ಟಬ್ಯಾಡ್ರಿ. ಅವರ ಡಾಕ್ಟರು ‘ಬ್ಯಾಡ’ ಅಂದ್ರ ಬ್ಯಾಡ. ರಸ್ತೆ ಇರೋ ಕೆರೆನೂ ಇಲ್ಲಿ ಸಾಕಷ್ಟಿವೆ.

ಇನ್ನ ನೀರು. ನಮ್ಮಲ್ಲಿ ಘಟಪ್ರಭಾದಾಗ ಈಜು ಕಲಿತವರು ‘ನನಗ ಜಾಕೆಟ್ ಯಾಕ?’ ಅಂತಾರ. ಇಲ್ಲಿನ ನೀರು ಈಜು ಬರ್ತದೋ ಇಲ್ಲೋ ಅಂತ ಕೇಳೂದಿಲ್ಲ. ಮನಿಟೋಬಾ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಅನ್ನೋ ವಿಜ್ಞಾನಿ ತಣ್ಣೀರಿನ ಬಗ್ಗೆ ಒಂದು ಸರಳ ಲೆಕ್ಕ ಕೊಟ್ಟಾರ: 1–10–1. ಕೊರೆಯೋ ನೀರಿಗೆ ಬಿದ್ರ ಉಸಿರು ಹತೋಟಿಗೆ ತಗೊಳ್ಳಾಕ 1 ನಿಮಿಷ. ಕೈಕಾಲು ಮಾತು ಕೇಳೋದು ಸುಮಾರು 10 ನಿಮಿಷ. ಚಳಿಯಿಂದ ಎಚ್ಚರ ತಪ್ಪೋದಕ್ಕ ಸುಮಾರು 1 ಗಂಟೆ. ಆ ಒಂದು ಗಂಟೆ ಸಿಗೋದು ಜಾಕೆಟ್ ತೊಟ್ಟವರಿಗೆ. ಆಲಮಟ್ಟಿ ಹಿನ್ನೀರಿನಾಗ ತೆಪ್ಪ ಮಗುಚಿದ್ರ ದಂಡಿ ಮ್ಯಾಲಿದ್ದ ಯಾರಾದ್ರೂ ಕೂಗು ಕೇಳ್ಯಾರು. ಇಲ್ಲಿ ಕೇಳೋರು ಯಾರೂ ಇಲ್ಲ. ಅದಕ್ಕ ಉಪಗ್ರಹದ ಮೂಲಕ ಸಂದೇಶ ಕಳಿಸೋ ಸಾಧನ ಬಾಡಿಗೆಗಾದ್ರೂ ತಗೊಳ್ರಿ. ಎಸ್‌ಒಎಸ್ ಬಟನ್ ಯಾವುದು ಅಂತ ಅಪ್ಪಾರಿಗೂ ತೋರಿಸ್ರಿ. ನೀರಿಗೆ ಬಿದ್ದವರು ನೀವೇ ಆಗಿದ್ರ ಅದನ್ನ ಒತ್ತಬೇಕಾದವರು ಅವರು.

ಲೈಸೆನ್ಸ್ ವಿಷಯ ಬೇಗ ಹೇಳಿ ಮುಗಿಸ್ತೇನಿ. 65 ದಾಟಿದ ಕೆನಡಾ ನಿವಾಸಿಗಳಿಗೆ ಒಂಟಾರಿಯೊದಾಗ ಗುರುತಿನ ಚೀಟಿನೇ ಮೀನಿನ ಲೈಸೆನ್ಸ್. ಆ ವಿನಾಯಿತಿ ಊರಿಂದ ಬಂದ ಅಪ್ಪಾರಿಗೆ ಇಲ್ಲ. ಅವರಿಗೆ ವಿದೇಶಿಯರ ಲೈಸೆನ್ಸೇ ಬೇಕು. ಎಷ್ಟು ಮೀನು, ಯಾವ ಅಳತೆ ಅನ್ನೋದು ವಲಯಕ್ಕೊಂದು ಥರ.

ಊಟದಾಗ ಮಾತ್ರ ನಮ್ಮ ಕಡೆಯವರಿಗೆ ಸೋಲಿಲ್ಲ. ವಿಮಾನದಾಗ ಒಬ್ಬೊಬ್ಬರಿಗೆ ಇಂತಿಷ್ಟೇ ಭಾರ ಅಂತ ಇರ್ತದ, ತೂಗೇ ಹತ್ತಿಸ್ತಾರ. ಬೇರೆಯವರು ಐಸ್ ಡಬ್ಬಿಯಾಗ ಮಾಂಸ, ಬಿಯರ್ ತುಂಬಿ ಒದ್ದಾಡ್ತಿರ್ತಾರ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿಗೆ ಫ್ರಿಜ್ ಬ್ಯಾಡ, ತೂಕನೂ ಇಲ್ಲ, ವಿಮಾನ ಎರಡು ದಿನ ತಡವಾದ್ರೂ ಕೆಡೂದಿಲ್ಲ. ಮೀನು ತಿನ್ನದ ಅಪ್ಪ ಆದ್ರ ಹಿಡಿದು ಬಿಡ್ರಿ, ಅದಕ್ಕೂ ಅವಕಾಶ ಐತಿ. ಎಂಜಲು, ಮೀನಿನ ಕಸ ಮಾತ್ರ ಮನಿ ಹತ್ತಿರ ಚೆಲ್ಲಬ್ಯಾಡ್ರಿ, ಕರಡಿ ಬರ್ತಾವ.

ಹೊರಡೋ ಮುಂಚೆ ಒಂದು ಹಾಳೆ ಬರೀರಿ. ಕೆರೆ ಹೆಸರು, ವಿಮಾನದವರ ನಂಬರು, ವಾಪಸ್ ಬರೋ ದಿನ, ಎಷ್ಟು ದಿನ ತಡವಾದ್ರ ಯಾರಿಗೆ ಫೋನ್ ಮಾಡಬೇಕು, ಎಲ್ಲಾ. ಒಂದು ಪ್ರತಿ ಇಲ್ಲಿನ ಗೆಳೆಯರ ಕೈಯಾಗ. ಇನ್ನೊಂದು ಲೋಕಾಪುರದಾಗ ಅವ್ವಾರ ಕೈಯಾಗ, ಅವರು ಈ ಸಲ ಬಂದಿರದಿದ್ರ. ‘ಮೂರು ದಿನ ಫೋನ್ ಬರೂದಿಲ್ಲ, ಮತ್ತೂ ಎರಡು ದಿನ ಬರದೇ ಇರಬಹುದು’ ಅಂತ ಕನ್ನಡದಾಗೇ ಬರೀರಿ.