ಪುಟ್ಟ ದೋಣಿಗೆ ಎಷ್ಟು ದೊಡ್ಡ ಮೋಟಾರು?

(ಸಂಘದ ವಾರ್ಷಿಕೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ಡಾಕ್ಟರನ್ನು ವೇದಿಕೆಗೆ ಕರೆದರೆ ಕೊಲೆಸ್ಟರಾಲು, ಸಕ್ಕರೆ ಕಾಯಿಲೆ ಎಂದು ಶುರುಮಾಡಿ ಊಟದ ರುಚಿ ಕೆಡಿಸುತ್ತಾನೆಂಬ ಭಯ ನಿಮಗಿರಬಹುದು. ಇಂದು ಆ ಭಯ ಬೇಡ, ಹೋಳಿಗೆಯನ್ನು ನಿಶ್ಚಿಂತೆಯಿಂದ ತಿನ್ನಿ. ನಾನೂ ನನ್ನ ಮಗನೂ ಚಳಿಗಾಲದಲ್ಲಿ ಗ್ಯಾರೇಜಿನೊಳಗೆ ಪ್ಲೈವುಡ್ಡಿನ 12 ಅಡಿ ದೋಣಿ ಕಟ್ಟಿದ ಮೇಲೆ, ನಮ್ಮಲ್ಲಿ ಇನ್ನೂ ಕೆಲವರಿಗೆ ಆ ಹುಚ್ಚು ಹಿಡಿದಿದೆ. ಎಲ್ಲರದೂ ಒಂದೇ ಪ್ರಶ್ನೆ: "ಡಾಕ್ಟ್ರೇ, ಎಷ್ಟು ಹಾರ್ಸ್‌ಪವರಿನ ಮೋಟಾರು ಹಾಕಲಿ?" ಹಾರ್ಸ್‌ಪವರ್ ಆಮೇಲೆ ಕೇಳಿ, ಮೊದಲು ತೂಕ ಕೇಳಿ ಎಂಬುದೇ ನನ್ನ ಉತ್ತರ.

ಹಂಪಿಯಲ್ಲೋ ತಲಕಾಡಿನಲ್ಲೋ ಹರಿಗೋಲು ಹತ್ತಿದವರಿಗೆ ಇದು ಹೊಸ ಮಾತಲ್ಲ. ಅಂಬಿಗ ಮೊದಲು ಜನರನ್ನು ಸುತ್ತಲೂ ಸಮನಾಗಿ ಕೂರಿಸಿ, ಆಮೇಲೆ ಹುಟ್ಟು ಹಾಕುತ್ತಾನೆ. ಮೋಟಾರಿನ ದೋಣಿಯಲ್ಲಿ ಆ ಸಮತೋಲ ಕಷ್ಟ. ಮೋಟಾರು ತೂಗುವುದು ಹಿಂಬದಿಯ ಹಲಗೆಗೆ. ನಡೆಸುವವನು ಕೂರುವುದೂ ಅಲ್ಲೇ. ಹಿಂಬದಿ ತಗ್ಗಿ, ಮೂತಿ ಮೇಲೆದ್ದ ದೋಣಿಗೆ ಹಿಂದಿನಿಂದ ಒಂದು ಅಲೆ ಬಂದರೆ ನೀರು ಒಳಗೆ ನುಗ್ಗುತ್ತದೆ.

ನಾವಿರುವ ವಿಸ್ಕಾನ್ಸಿನ್ ಈ ಮೋಟಾರಿನ ತವರು. ಮಿಲ್ವಾಕೀಯ ಓಲೆ ಎವಿನ್‌ರೂಡ್ 1909ರಲ್ಲಿ ಮಾರುಕಟ್ಟೆಗೆ ತಂದ ಮೋಟಾರಿಗೆ ಒಂದೂವರೆ ಹಾರ್ಸ್‌ಪವರ್ ಶಕ್ತಿ, 62 ಪೌಂಡ್ ತೂಕ. ಇಂದು ಹೋಂಡಾದ 2.3, ಸುಜುಕಿಯ 2.5 ಹಾರ್ಸ್‌ಪವರಿನ ಫೋರ್-ಸ್ಟ್ರೋಕ್ ಮೋಟಾರುಗಳು ಸುಮಾರು 30 ಪೌಂಡ್ ತೂಗುತ್ತವೆ. ಐದು ಹಾರ್ಸ್‌ಪವರಿಗೆ ಹೋದರೆ 60ರ ಆಸುಪಾಸು. ಅಂದರೆ ಎಂಟು ವರ್ಷದ ಮಗುವೊಂದನ್ನು ಹಿಂಬದಿಯ ಹಲಗೆಗೆ ಜೋತುಹಾಕಿದಂತೆ!

ಅಷ್ಟು ತೂಕ ಹೊತ್ತರೆ ವೇಗವಾದರೂ ಹೆಚ್ಚೀತೇ? ನೀರನ್ನು ಸೀಳಿಕೊಂಡು ಹೋಗುವ ದೋಣಿಯ ವೇಗಕ್ಕೆ ಅದರ ಉದ್ದವೇ ಮಿತಿ. ನೀರಿಗೆ ತಾಗುವ ಉದ್ದ 11 ಅಡಿಯಿದ್ದರೆ ಆ ಮಿತಿ ಸುಮಾರು 4.4 ನಾಟ್, ಗಂಟೆಗೆ 5 ಮೈಲಿ. ಅದಕ್ಕೆ ಎರಡೂವರೆ ಹಾರ್ಸ್‌ಪವರ್ ಧಾರಾಳ. ಇನ್ನು ಕೋಸ್ಟ್ ಗಾರ್ಡಿನ ಲೆಕ್ಕ: ದೋಣಿಯ ಉದ್ದವನ್ನು ಹಿಂಬದಿಯ ಅಗಲದಿಂದ ಗುಣಿಸಿ. 12 ಅಡಿ, ಮೂರೂವರೆ ಅಡಿ, ಬಂದದ್ದು 42. ಪಟ್ಟಿಯ ಪ್ರಕಾರ ಏಳೂವರೆ ಹಾರ್ಸ್‌ಪವರ್. ತಳ ಚಪ್ಪಟೆಯಾಗಿದ್ದು ಅಂಚು ಚೂಪಾಗಿದ್ದರೆ ಒಂದು ಮೆಟ್ಟಿಲು ಇಳಿದು ಐದು. ಇದು ಮೇಲಿನ ಮಿತಿ, ಅಷ್ಟು ಹಾಕಲೇಬೇಕೆಂದಲ್ಲ.

ಹಳೆಯ ಟೂ-ಸ್ಟ್ರೋಕ್ ಮೋಟಾರು ಗ್ಯಾರೇಜ್ ಸೇಲಿನಲ್ಲಿ ಅಗ್ಗಕ್ಕೆ ಸಿಗುತ್ತದೆ, ಹಗುರವೂ ಹೌದು. ಆದರೆ ಹಾಕಿದ ಗ್ಯಾಸಿನ ಕಾಲುಭಾಗದವರೆಗೂ ಉರಿಯದೆ ಸರೋವರಕ್ಕೆ ಸೇರಬಹುದು. ಶಾಂತವಾದ ಸಣ್ಣ ಸರೋವರಕ್ಕಾದರೆ ಎಲೆಕ್ಟ್ರಿಕ್ ಮೋಟಾರು ಸಾಕು. 100 ಆಂಪಿಯರ್-ಅವರ್‌ನ ಸೀಸದ ಬ್ಯಾಟರಿ 60 ಪೌಂಡ್ ತೂಗಿದರೂ ಅದನ್ನು ದೋಣಿಯ ನಡುವೆ ಇಡಬಹುದೆಂಬುದು ದೊಡ್ಡ ಅನುಕೂಲ. ಲಿಥಿಯಂ ಬ್ಯಾಟರಿಯಾದರೆ ಆ ತೂಕದ ಅರ್ಧವೂ ಇಲ್ಲ, ಬೆಲೆ ಮಾತ್ರ ಹೆಚ್ಚು. ಯಾವುದೇ ಮೋಟಾರು ಹಾಕಿದರೂ ನಮ್ಮ ರಾಜ್ಯದಲ್ಲಿ ದೋಣಿಯನ್ನು ನೋಂದಾಯಿಸಬೇಕು.

ಕೊಳ್ಳುವ ಮುನ್ನ ಹಿಂಬದಿಯ ಹಲಗೆಯ ಎತ್ತರ ಅಳೆಯಿರಿ. 15 ಅಂಗುಲವಿದ್ದರೆ ಶಾರ್ಟ್ ಶಾಫ್ಟ್, 20 ಇದ್ದರೆ ಲಾಂಗ್. ಅಂಗಡಿಯಲ್ಲಿ ಮೋಟಾರನ್ನು ಒಂದೇ ಕೈಯಲ್ಲಿ ಎತ್ತಿ ನೋಡಿ. ನಲವತ್ತು ದಾಟಿದ ನಮ್ಮ ಸೊಂಟಕ್ಕೆ ಅದೇ ನಿಜವಾದ ಪರೀಕ್ಷೆ.

ಕೊನೆಗೆ ಡಾಕ್ಟರಾಗಿ ನಾಲ್ಕು ಮಾತು. ಹಗ್ಗವನ್ನು ಕೂತೇ ಎಳೆಯಿರಿ, ನಿಂತಲ್ಲ. ಮೋಟಾರು ಓಡುವಾಗ ಮಕ್ಕಳನ್ನು ಹಿಂದೆ ಈಜಲು ಬಿಡಬೇಡಿ. ಪ್ರೊಪೆಲ್ಲರಿನಷ್ಟೇ ಹೊಗೆಯ ಕಾರ್ಬನ್ ಮಾನಾಕ್ಸೈಡೂ ಅಪಾಯಕಾರಿ. ಮೋಟಾರು ನಿಲ್ಲಿಸುವ ದಾರವನ್ನು ಮಣಿಕಟ್ಟಿಗೆ ಕಟ್ಟಿಕೊಳ್ಳಿ. 2021ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಕಾನೂನು ಮೂರು ಹಾರ್ಸ್‌ಪವರಿನಿಂದ ಮೇಲಕ್ಕೆ ಅನ್ವಯಿಸುತ್ತದೆ, ನಿಜ. ಆದರೆ ನೀರಿಗೆ ಬಿದ್ದವನಿಗೆ ಹಾರ್ಸ್‌ಪವರಿನ ಲೆಕ್ಕ ಉಪಯೋಗಕ್ಕೆ ಬಾರದು. ಲೈಫ್ ಜಾಕೆಟ್ ಎಲ್ಲಕ್ಕಿಂತ ಮುಖ್ಯ. ಕೋಸ್ಟ್ ಗಾರ್ಡಿನ 2022ರ ವರದಿಯಂತೆ, ದೋಣಿ ಅಪಘಾತಗಳಲ್ಲಿ ಮುಳುಗಿ ಸತ್ತವರಲ್ಲಿ ನೂರಕ್ಕೆ 85 ಮಂದಿ ಅದನ್ನು ತೊಟ್ಟಿರಲಿಲ್ಲ. ಈಜು ಕಲಿಯದೆ ಬೆಳೆದ ನಮ್ಮಂಥ ತಂದೆತಾಯಂದಿರು ಇದನ್ನು ಮರೆಯಬಾರದು.

ನನ್ನ ಮಗನಿಗೆ ಹತ್ತು ಹಾರ್ಸ್‌ಪವರಿನ ಮೇಲೆ ಆಸೆಯಿತ್ತು. ಕಾಗದ, ಪೆನ್ಸಿಲು ಕೊಟ್ಟು ಲೆಕ್ಕ ಅವನಿಂದಲೇ ಮಾಡಿಸಿದೆ. ಎರಡೂವರೆ ಸಾಕೆಂದು ಅವನೇ ಹೇಳಿದ. ಗಂಟೆಗೆ ಐದು ಮೈಲಿಯ ದೋಣಿಯಲ್ಲಿ ಹದಿಹರೆಯದ ಮಗನೊಡನೆ ಮಾತನಾಡಲು ಬೇಕಾದಷ್ಟು ಸಮಯ ಸಿಗುತ್ತದೆ, ಅದೂ ಕನ್ನಡದಲ್ಲಿ. ನಿಮಗೂ ಸಿಗಲಿ ಎಂದು ಹಾರೈಸುತ್ತೇನೆ.