ಕುರ್ಚಿ ಯಾರಿಗೆ ಅನ್ನುವ ಹೊತ್ತಿಗೆ ಕುರ್ಚಿಯೇ ಮಾಯ!

(ಬೆಂಗಳೂರಿನ ಹನುಮಂತನಗರದಲ್ಲಿ ಕನ್ನಡ ಯುವಜನರ ಮುಂದೆ ಆಡಿದ ಮಾತು)



ಹಾರ, ಶಾಲು ಬೇಡ ಎಂದು ಮೊದಲೇ ಹೇಳಿದ್ದೆ. ಆದರೂ ಹಾಕಿದಿರಿ. ಇರಲಿ, ನೇರವಾಗಿ ವಿಷಯಕ್ಕೆ ಬರುತ್ತೇನೆ.

ಹೋದ ತಿಂಗಳು ನಮ್ಮ ಬೀದಿಯ ಹುಡುಗನೊಬ್ಬ ಮನೆಗೆ ಬಂದ. ಬಿ.ಸಿ.ಎ. ಮುಗಿಸಿದ್ದಾನೆ. ಅಪ್ಪ ಆಟೋ ಓಡಿಸುತ್ತಾರೆ. ಯಾವುದೋ ತರಬೇತಿ ಕೇಂದ್ರಕ್ಕೆ ಒಂದೂಕಾಲು ಲಕ್ಷ ಕಟ್ಟಿದ್ದ. ಆರು ತಿಂಗಳ ಎಐ ಕೋರ್ಸು, ಕೆಲಸ ಗ್ಯಾರಂಟಿ! ಕೋರ್ಸು ಮುಗಿಯಿತು, ಜೊತೆಗೆ ಗ್ಯಾರಂಟಿಯೂ ಮುಗಿಯಿತು. ಈಗ ಫೋನ್ ಮಾಡಿದರೆ ಎತ್ತುವವರಿಲ್ಲ. ದುಡ್ಡಿನ ದುಃಖಕ್ಕಿಂತ ಅವನನ್ನು ಕಾಡುತ್ತಿದ್ದದ್ದು ಬೇರೆ. "ಸಾರ್, ನಾನು ಎರಡು ದಿನ ಕೂತು ಬರೆಯೋ ಪ್ರೋಗ್ರಾಮನ್ನ ಮಷೀನು ಎರಡು ನಿಮಿಷದಲ್ಲಿ ಬರೆಯುತ್ತೆ. ಇನ್ನು ನಾನು ಯಾರಿಗೆ ಬೇಕು ಹೇಳಿ?" ಅಂದ. ಮೂವತ್ತು ವರ್ಷ ಇದೇ ಕಸುಬು ಮಾಡಿದ ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ಅವನಿಗೆ ಕೊಡಬೇಕಿದ್ದ ಉತ್ತರವನ್ನು ಇವತ್ತು ನಿಮ್ಮ ಮುಂದೆ ಇಡುತ್ತಿದ್ದೇನೆ.

ನಾವು ಇಷ್ಟು ವರ್ಷ ಕೇಳಿಕೊಂಡು ಬಂದದ್ದು ಒಂದೇ ಪ್ರಶ್ನೆ: ಕರ್ನಾಟಕದ ಕೆಲಸ ಯಾರಿಗೆ? ನ್ಯಾಯವಾದ ಪ್ರಶ್ನೆ. 1986ರಲ್ಲಿ ಸರೋಜಿನಿ ಮಹಿಷಿ ವರದಿ ಬಂತು. ಅದು ಕಪಾಟಿನಲ್ಲಿ ಎಷ್ಟು ಧೂಳು ತಿಂದಿದೆ ಅನ್ನುವುದು ನಿಮಗೇ ಗೊತ್ತು. 2024ರ ಜುಲೈನಲ್ಲಿ ಖಾಸಗಿ ಕೆಲಸಗಳಲ್ಲಿ ಸ್ಥಳೀಯರಿಗೆ ಪಾಲು ಕೊಡುವ ಮಸೂದೆಗೆ ಸಂಪುಟ ಒಪ್ಪಿಗೆ ಕೊಟ್ಟಿತು. ಉದ್ಯಮದ ದೊಡ್ಡವರು ಹುಯಿಲೆಬ್ಬಿಸಿದರು. ಮೂರು ದಿನ ತುಂಬುವ ಮೊದಲೇ ಸರ್ಕಾರ ಅದನ್ನು ತಡೆಹಿಡಿಯಿತು. ಈ ಹೋರಾಟ ನಿಲ್ಲಬಾರದು. ಆದರೆ ಕುರ್ಚಿಯಲ್ಲಿ ಯಾರು ಕೂರಬೇಕು ಎಂದು ನಾವು ಬಡಿದಾಡುತ್ತಿರುವಾಗ, ಹಿಂದಿನ ಬಾಗಿಲಿನಿಂದ ಕುರ್ಚಿಯನ್ನೇ ಹೊತ್ತುಕೊಂಡು ಹೋಗುತ್ತಿದ್ದಾರಲ್ಲ, ಅದನ್ನು ನೋಡಿದಿರಾ?

ಯಾವ ಕುರ್ಚಿ? ಮೊದಲನೇ ಕುರ್ಚಿ. ಹೊಸಬರು ಕೂರುವ ಕುರ್ಚಿ. ನಮ್ಮ ದೊಡ್ಡ ಸಾಫ್ಟ್‌ವೇರ್ ಕಂಪನಿಗಳ ವ್ಯಾಪಾರ ಬಹಳ ಕಾಲ ನಡೆದದ್ದು ತಲೆ ಎಣಿಸಿ. ಹೊರದೇಶದ ಗಿರಾಕಿಗೆ ಇಷ್ಟು ಜನ, ಇಷ್ಟು ಗಂಟೆ ಎಂದು ಬಿಲ್ಲು. ಹತ್ತು ಮಂದಿ ಅನುಭವಸ್ಥರ ಕೆಳಗೆ ನಲವತ್ತು ಮಂದಿ ಹೊಸಬರನ್ನು ಹಾಕಿದರೆ ಲಾಭ. ಆ ಹೊಸಬರು ಮಾಡುತ್ತಿದ್ದದ್ದೇನು? ಫಾರಂ ಬರೆಯುವುದು, ಟೆಸ್ಟಿಂಗು, ಸಣ್ಣಪುಟ್ಟ ತಪ್ಪು ತಿದ್ದುವುದು, ಒಬ್ಬರು ಬರೆದದ್ದನ್ನು ಸ್ವಲ್ಪ ಬದಲಿಸಿ ಇನ್ನೊಂದು ಕಡೆ ಅಂಟಿಸುವುದು. ಸರಿಯಾಗಿ ಇದೇ ಕೆಲಸವನ್ನು ಈಗ ಮಷೀನು ಮಾಡುತ್ತಿದೆ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದಾಗ ಅದನ್ನು ಆಟಿಕೆ ಅಂದವರು ಇವತ್ತು ಅದು ಬರೆದ ಪ್ರೋಗ್ರಾಮು ಹಿಡಿದು ಮೀಟಿಂಗಿಗೆ ಹೋಗುತ್ತಿದ್ದಾರೆ. ಗಂಟೆ ಕಡಿಮೆಯಾದರೆ ಬಿಲ್ಲು ಕಡಿಮೆ, ಬಿಲ್ಲು ಕಡಿಮೆಯಾದರೆ ತಲೆ ಕಡಿಮೆ. ಅಷ್ಟೇ ಲೆಕ್ಕ.

ಹಾಗೆಂದು ಮೇಲಿನವರು ಕ್ಷೇಮವೆ? ಅದೂ ಇಲ್ಲ. 2025ರ ಜುಲೈನಲ್ಲಿ ಟಿಸಿಎಸ್ ಸುಮಾರು 12,000 ಮಂದಿಯನ್ನು ಕೈಬಿಡುವುದಾಗಿ ಹೇಳಿತಲ್ಲ, ಅದರಲ್ಲಿ ಹೆಚ್ಚಿನವರು ಮಧ್ಯಮ ಮತ್ತು ಹಿರಿಯ ಹಂತದವರು. ಕಾರಣ ಎಐ ಅಲ್ಲ, ಕೌಶಲ ಹೊಂದಲಿಲ್ಲ ಎಂದು ಕಂಪನಿ ಹೇಳಿಕೊಂಡಿತು. ಕಾರಣಕ್ಕೆ ಏನೇ ಹೆಸರಿಡಲಿ, ಮನೆ ಸಾಲದ ಕಂತು ಮಾತ್ರ ತಿಂಗಳ ಐದನೇ ತಾರೀಕಿಗೆ ಬಂದೇ ಬರುತ್ತದೆ.

ಹೆದರಿಸುವುದಕ್ಕೆ ಇದನ್ನೆಲ್ಲ ಹೇಳುತ್ತಿಲ್ಲ. ನಾನು ಕೆಲಸಕ್ಕೆ ಸೇರಿದ್ದು ತೊಂಬತ್ತರ ದಶಕದಲ್ಲಿ. ಆಗ ನಮಗೆ ಸಿಕ್ಕ ಕೂಲಿ ಯಾವುದು ಗೊತ್ತೆ? ಹಳೇ ಪ್ರೋಗ್ರಾಮುಗಳಲ್ಲಿ ಇಸವಿಯನ್ನು ಎರಡೇ ಅಂಕಿಯಲ್ಲಿ ಬರೆದಿದ್ದರು. 2000 ಬಂದರೆ ಕಂಪ್ಯೂಟರು ಅದನ್ನು 1900 ಎಂದು ತಿಳಿದುಕೊಳ್ಳುವ ಅಪಾಯ. ಅದನ್ನು ಹುಡುಕಿ ಹುಡುಕಿ ನಾಲ್ಕಂಕಿ ಮಾಡಿದೆವು. ಆ ಕೆಲಸ ಮುಗಿದ ಮೇಲೆ ಎಲ್ಲರೂ ಮನೆಗೆ ಎಂದು ಕ್ಯಾಂಟೀನಿನಲ್ಲಿ ದಿನವೂ ಮಾತು. 2001ರಲ್ಲಿ ಎಷ್ಟೋ ಗೆಳೆಯರು ನಿಜವಾಗಿಯೂ ಮನೆಗೆ ಹೋದರು. ಉಳಿದುಕೊಂಡವರು ಯಾರು? ಅಂಕಿ ತಿದ್ದಿದವರಲ್ಲ. ಆ ಪ್ರೋಗ್ರಾಮು ಬ್ಯಾಂಕಿನಲ್ಲಿ ಏನು ಮಾಡುತ್ತದೆ, ಬಡ್ಡಿ ಹೇಗೆ ಕಟ್ಟುತ್ತದೆ ಎಂದು ಕುತೂಹಲದಿಂದ ಕೇಳಿ ತಿಳಿದುಕೊಂಡವರು.

ಈಗ ನಿಮಗೆ ಒಂದು ಲೆಕ್ಕ. ಪಹಣಿ ನೋಡಿದ್ದೀರಲ್ಲ? ಭೂಮಿ ಯೋಜನೆಯಲ್ಲಿ ಸುಮಾರು ಎರಡು ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದ ರಾಜ್ಯ ನಮ್ಮದು. ರೈತನಿಗೆ ಒಂದು ಕಡೆ 2 ಎಕರೆ 30 ಗುಂಟೆ, ಇನ್ನೊಂದು ಕಡೆ 1 ಎಕರೆ 20 ಗುಂಟೆ ಇದೆ. ರೂಢಿಯಲ್ಲಿ 2.30 ಮತ್ತು 1.20 ಎಂದು ಬರೆಯುತ್ತೇವೆ. ಒಟ್ಟು ಮಾಡುವ ಪ್ರೋಗ್ರಾಮು ಬರೆ ಎಂದು ಅಂಕಿ ಮಾತ್ರ ಕೊಟ್ಟರೆ ಮಷೀನು ಕೂಡುತ್ತದೆ: 3.50. ನೋಡಲು ಎಷ್ಟು ಚೆನ್ನ! ಯಾವ ತಪ್ಪೂ ಕಾಣುವುದಿಲ್ಲ, ಪ್ರೋಗ್ರಾಮು ಸಲೀಸಾಗಿ ಓಡುತ್ತದೆ. ಆದರೆ ಎಕರೆಗೆ ನಲವತ್ತು ಗುಂಟೆ ಸ್ವಾಮಿ, ನೂರಲ್ಲ! ಸರಿ ಉತ್ತರ 4 ಎಕರೆ 10 ಗುಂಟೆ. ಅದನ್ನೇ ಮೂರೂವರೆ ಎಕರೆ ಎಂದು ಯಾರಾದರೂ ಓದಿದರೆ ಮೂವತ್ತು ಗುಂಟೆ ಜಮೀನು ಗುಳುಂ. ಮಂಡ್ಯದ ಹುಡುಗಿಗೆ ಇದು ಒಂದೇ ನೋಟಕ್ಕೆ ಹೊಳೆಯುತ್ತದೆ. ನಲವತ್ತರ ಲೆಕ್ಕ ಎಂದು ತಿಳಿಸಿದರೆ ಮಷೀನೂ ಸರಿಯಾಗಿಯೇ ಮಾಡುತ್ತದೆ, ಸುಳ್ಳು ಹೇಳಬಾರದು. ತಿಳಿಸುವವರು ಬೇಕು, ಬಂದ ಉತ್ತರವನ್ನು ಅನುಮಾನದಿಂದ ನೋಡುವವರು ಬೇಕು. ನಮ್ಮ ಬೀದಿಯ ಹುಡುಗ ಕೇಳಿದನಲ್ಲ, ನಾನು ಯಾರಿಗೆ ಬೇಕು ಎಂದು. ಇಲ್ಲಿ ಬೇಕಪ್ಪ ನೀನು.

ಹೆಸರಿನ ಕಥೆಯೂ ಇದೇ. 'ಸರ್‌ನೇಮ್ ಕಡ್ಡಾಯ' ಅನ್ನುತ್ತದೆ ಫಾರಮ್ಮು. ನಮ್ಮ ಕೋಲಾರದ ಕಡೆಯವರಿಗೆ ಊರಿನದೊಂದು, ಅಪ್ಪನದೊಂದು ಇನಿಷಿಯಲ್ಲು ಬಿಟ್ಟರೆ ಇನ್ನೇನಿದೆ?

ಕನ್ನಡದ ವಿಷಯಕ್ಕೆ ಬರೋಣ. 'ಕನ್ನಡ' ಎಂದು ಬರೆಯಿರಿ. ನಮ್ಮ ಕಣ್ಣಿಗೆ ಮೂರು ಅಕ್ಷರ. ಯೂನಿಕೋಡಿನಲ್ಲಿ ಅದು ಐದು ಸಂಕೇತ: ಕ, ನ, ಒತ್ತು ಕೊಡುವ ವಿರಾಮ ಚಿಹ್ನೆ, ಮತ್ತೆ ನ, ಡ. ಒಂದೊಂದಕ್ಕೂ ಮೂರು ಬೈಟು, ಒಟ್ಟು ಹದಿನೈದು. ಇಂಗ್ಲಿಷಿನಲ್ಲಿ ಅದೇ ಪದಕ್ಕೆ ಏಳು ಬೈಟು ಸಾಕು. ಎಐ ಮಷೀನುಗಳು ಪದಗಳನ್ನು ತುಂಡು ತುಂಡು ಮಾಡಿ ಓದುತ್ತವೆ, ತುಂಡಿನ ಲೆಕ್ಕದಲ್ಲಿ ದುಡ್ಡು ಕೀಳುತ್ತವೆ. ಕನ್ನಡ ಇಂಗ್ಲಿಷಿಗಿಂತ ಹೆಚ್ಚು ತುಂಡಾಗುತ್ತದೆ. 2024ರ ಮೇ ತಿಂಗಳಿನಲ್ಲಿ ಓಪನ್‌ಎಐ ಕಂಪನಿ ತನ್ನ ಹೊಸ ಮಾದರಿಯಲ್ಲಿ ಈ ತುಂಡು ಕಡಿಮೆ ಮಾಡಿದ್ದೇವೆಂದು ಇಪ್ಪತ್ತು ಭಾಷೆಗಳ ಉದಾಹರಣೆ ಕೊಟ್ಟಿತು. ಗುಜರಾತಿ ಇತ್ತು, ತೆಲುಗು, ತಮಿಳು, ಮರಾಠಿ, ಹಿಂದಿ, ಉರ್ದು ಇದ್ದವು. ಕನ್ನಡ ಇರಲಿಲ್ಲ. 2011ರ ಜನಗಣತಿಯಲ್ಲಿ ನಾಲ್ಕು ಕೋಟಿ ಮೂವತ್ತೇಳು ಲಕ್ಷ ಜನರ ಮಾತೃಭಾಷೆ!

ಕೂಗಾಡಿ, ತಪ್ಪಿಲ್ಲ. ಕೂಗಿದ ಮೇಲೆ ಮನೆಗೆ ಹೋಗಿ ಕೆಲಸ ಹಿಡಿಯಿರಿ. ಕೆ.ಪಿ. ರಾವ್ ಅವರು ಕನ್ನಡಕ್ಕೆ ಕೀಲಿಮಣೆ ವಿನ್ಯಾಸ ರೂಪಿಸಿದಾಗ ಯಾವ ಬಹುರಾಷ್ಟ್ರೀಯ ಕಂಪನಿಯ ಅಪ್ಪಣೆಗೂ ಕಾದವರಲ್ಲ. ಶೇಷಾದ್ರಿ ವಾಸು ಅವರು 1998ರಲ್ಲಿ ಬರಹ ತಂತ್ರಾಂಶ ಕೊಟ್ಟರು. ಈಗಲೂ ಎಷ್ಟೋ ಕಚೇರಿಗಳಲ್ಲಿ, ಮುದ್ರಣಾಲಯಗಳಲ್ಲಿ ಹಳೇ ನುಡಿ, ಹಳೇ ಬರಹದ ಅಕ್ಷರಗಳಲ್ಲಿ ಕಡತಗಳು ರಾಶಿ ಬಿದ್ದಿವೆ. ಅವು ಯೂನಿಕೋಡಿಗೆ ಬರದ ತನಕ ಯಾವ ಮಷೀನಿಗೂ ಅದು ಕನ್ನಡವೆಂದೇ ಗೊತ್ತಾಗುವುದಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ವಾಣಿ ಯೋಜನೆ ಜಿಲ್ಲೆ ಜಿಲ್ಲೆಯ ಮಾತನ್ನು ಧ್ವನಿಮುದ್ರಿಸಿ ಎಲ್ಲರಿಗೂ ಬಿಟ್ಟುಕೊಡುತ್ತಿದೆ. ಕಲಬುರಗಿಯ ಮಾತು, ಕುಂದಾಪುರದ ಮಾತು ಮಷೀನಿಗೆ ತಿಳಿಯಿತೋ ಇಲ್ಲವೋ ಎಂದು ಪರೀಕ್ಷಿಸಲು ಆ ಊರಿನ ಕಿವಿಯೇ ಬೇಕಲ್ಲವೆ?

ಹಾಗಾದರೆ ಏನು ಕಲಿಯಬೇಕು? ತಳಪಾಯ. ಕಂಪ್ಯೂಟರಿನ ನೆನಪು ಹೇಗೆ ಕೆಲಸ ಮಾಡುತ್ತದೆ, ಡೇಟಾಬೇಸು ಅಂದರೇನು, ಒಂದು ಕಂಪ್ಯೂಟರು ಇನ್ನೊಂದರ ಜೊತೆ ಹೇಗೆ ಮಾತಾಡುತ್ತದೆ. ಲಿನಕ್ಸ್, ಪೈಥಾನ್ ಎರಡೂ ಬಿಟ್ಟಿ. ಎನ್‌ಪಿಟಿಇಎಲ್ ಪಾಠಗಳನ್ನು ಮನೆಯಲ್ಲೇ ಕೂತು ಬಿಟ್ಟಿಯಾಗಿ ನೋಡಬಹುದು. ಒಂದೂಕಾಲು ಲಕ್ಷ ಯಾರಿಗೂ ಕಟ್ಟಬೇಡಿ, ಗ್ಯಾರಂಟಿ ಅಂದವರಿಗಂತೂ ಕಟ್ಟಲೇಬೇಡಿ. ಎಐ ಬಳಸಿ, ಮಡಿ ಮೈಲಿಗೆ ಮಾಡಬೇಡಿ. ಅರ್ಥವಾಗದ್ದನ್ನು ಕನ್ನಡದಲ್ಲೇ ಕೇಳಿ, ಬೈಸಿಕೊಳ್ಳುವ ಭಯವಿಲ್ಲ. ನಾಚಿಕೆಯಿಂದ ಕೊನೇ ಬೆಂಚಿನಲ್ಲಿ ಬಾಯಿ ಮುಚ್ಚಿ ಕೂತಿದ್ದ ನನ್ನಂಥವರಿಗೆ ಈ ಭಾಗ್ಯ ಇರಲಿಲ್ಲ. ಆದರೆ ಅದು ಬರೆದುಕೊಟ್ಟ ಒಂದೊಂದು ಸಾಲೂ ಯಾಕೆ ಹಾಗಿದೆ ಎಂದು ಹೇಳಲಾಗದಿದ್ದರೆ ಆ ಸಾಲು ನಿಮ್ಮದಲ್ಲ. ಸಂದರ್ಶನದಲ್ಲಿ ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತೀರಿ. ನಾನೇ ಆ ಕಡೆ ಕೂತು ಹಾಗೆ ಹಿಡಿದಿದ್ದೇನೆ. ಇಂಗ್ಲಿಷು? ಕಲಿಯಿರಿ, ಕೈಕಾಗದ ಓದಿ ಉತ್ತರ ಬರೆಯುವಷ್ಟು. ಉಚ್ಚಾರಣೆಗೆ ಹೆದರಬೇಡಿ.

ಇವತ್ತು ರಾತ್ರಿ ಆ ಎಕರೆ-ಗುಂಟೆ ಲೆಕ್ಕ ಬರೆದು ನೋಡಿ. ಮೊದಲು ಮಷೀನಿಲ್ಲದೆ, ಆಮೇಲೆ ಮಷೀನಿಟ್ಟುಕೊಂಡು. ಗುಂಟೆಗೆ ಹದಿನಾರು ಆಣೆಯೂ ಇದೆ, ಅದನ್ನೂ ಸೇರಿಸಿ. ಬರುವ ಭಾನುವಾರ ಹತ್ತು ಗಂಟೆಗೆ ನಾನು ಇದೇ ಜಾಗದಲ್ಲಿರುತ್ತೇನೆ. ನಮ್ಮ ಬೀದಿಯ ಹುಡುಗನೂ ಬರುತ್ತಾನೆ. ಲ್ಯಾಪ್‌ಟಾಪು ಇಲ್ಲದವರು ಹಾಳೆಯಲ್ಲೇ ಬರೆದು ತನ್ನಿ.