ಜನರೇಟರಿನ ದೀಪ ಏಕೆ ನಡುಗುತ್ತದೆ?

(ಸಂಘದ ಸದಸ್ಯರ ಮುಂದೆ ಮಾಡಿದ ಭಾಷಣದ ಸಾರ)



ಪುಣೆಯ ಹೊಟೇಲುಗಳಲ್ಲಿಯೂ ಗಿರಣಿಗಳಲ್ಲಿಯೂ ದುಡಿಯುವ ನಾವು ಕರೆಂಟು ಹೋದೊಡನೆ ಜನರೇಟರಿನ ಕಡೆಗೆ ಓಡುತ್ತೇವೆ. ವೋಲ್ಟೇಜು ಏರಿಳಿದು ಫ್ರಿಜ್ಜು ಸುಟ್ಟರೆ ಮೊದಲು ಬೈಗುಳ ತಿನ್ನುವವನು ಸ್ವಿಚ್ಚು ಹಾಕಿದ ಹುಡುಗನೇ. ಅವನ ಸಂಬಳದಲ್ಲಿ ಹಣ ಮುರಿದುಕೊಂಡದ್ದೂ ಉಂಟು. ದೋಷವು ಎಲ್ಲಿದೆಯೆಂದು ತಿಳಿದವನು ಮಾತ್ರ ಇದಕ್ಕೆ ಎದುರು ಉತ್ತರ ಕೊಡಬಲ್ಲನು. ಆದುದರಿಂದ ಈ ವಿಷಯವನ್ನು ಎತ್ತಿಕೊಂಡಿದ್ದೇವೆ.

ಎಂಜಿನಿಗೂ ಈ ಊರಿಗೂ ನಂಟು ಹಳೆಯದು. 1869ರಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಹಾಕಿದ ಬುನಾದಿಯ ಮೇಲೆ ಬೆಳೆದ ಉದ್ಯಮವು 1946ರಲ್ಲಿ ಪುಣೆಯಲ್ಲಿ ಆಯಿಲ್ ಎಂಜಿನ್ ಕಂಪನಿಯನ್ನು ಸ್ಥಾಪಿಸಿತು. 2006ರಲ್ಲಿ ಮಹಾರಾಷ್ಟ್ರಕ್ಕೆ ವಿದ್ಯುತ್ತಿನ ಅಭಾವ ಬಂದಾಗ ಇಲ್ಲಿಯ ಕಾರ್ಖಾನೆಗಳು ಸ್ವಂತ ಜನರೇಟರು ನಡೆಸಿ, ಉಳಿದ ಕರೆಂಟನ್ನು ಊರಿಗೆ ಬಿಟ್ಟುಕೊಟ್ಟವು. ಹೆಚ್ಚಿನ ವೆಚ್ಚ ಗ್ರಾಹಕರ ಬಿಲ್ಲಿಗೆ ಬಿತ್ತು. ಆ ಏರ್ಪಾಡಿಗೆ 'ಪುಣೆ ಮಾದರಿ' ಎಂದು ಹೆಸರಾಯಿತು.

ಕಂಬದ ಕರೆಂಟು ಕೆರೆಯಿದ್ದಂತೆ. ಒಂದು ಕೊಡ ಎತ್ತಿದರೆ ಮಟ್ಟ ಇಳಿಯದು. ನಮ್ಮ ಜನರೇಟರು ಹಂಡೆಯಿದ್ದಂತೆ; ಒಂದು ಚೊಂಬು ಎತ್ತಿದರೂ ಗೊತ್ತಾಗುತ್ತದೆ. ಗ್ರೈಂಡರಿನ ಮೋಟಾರು ಹೊರಡುವ ಕ್ಷಣದಲ್ಲಿ ತನ್ನ ಎಂದಿನ ಕರೆಂಟಿನ ಐದಾರು ಪಟ್ಟು ಎಳೆಯುತ್ತದೆ. ಆದುದರಿಂದ ಎಲ್ಲವನ್ನೂ ಒಮ್ಮೆಲೇ ಹಚ್ಚಬಾರದು. ಮೊದಲು ದೊಡ್ಡ ಮೋಟಾರು, ಅದು ವೇಗ ಹಿಡಿದ ಮೇಲೆ ಸಣ್ಣದು, ಕಡೆಗೆ ದೀಪ. ಆಗ ನಡುಕ ನಿಂತರೆ ರೋಗವು ಹೊರೆಯದು, ಯಂತ್ರದ್ದಲ್ಲ.

ನಿಲ್ಲದಿದ್ದರೆ ಎರಡು ಮೀಟರುಗಳನ್ನು ಒಟ್ಟಿಗೆ ನೋಡಬೇಕು. ನಮ್ಮಲ್ಲಿ ವೋಲ್ಟೇಜು 230, ಹರ್ಟ್ಸು 50. ನಾಲ್ಕು ಧ್ರುವದ ಜನರೇಟರು ನಿಮಿಷಕ್ಕೆ 1500 ಸುತ್ತು ತಿರುಗಿದರೆ ಈ 50 ಬರುತ್ತದೆ. ಹರ್ಟ್ಸೂ ವೋಲ್ಟೇಜೂ ಕೂಡಿಯೇ ಇಳಿದರೆ ಎಂಜಿನು ಬಳಲಿದೆ: ಡೀಸೆಲ್ ಫಿಲ್ಟರು ಕಟ್ಟಿರಬಹುದು, ಗವರ್ನರು ಕೆಟ್ಟಿರಬಹುದು, ಹೊರೆ ಮಿತಿ ಮೀರಿರಬಹುದು. ಹರ್ಟ್ಸು ಸ್ಥಿರವಾಗಿದ್ದು ವೋಲ್ಟೇಜು ಮಾತ್ರ ಕುಣಿದರೆ ವೋಲ್ಟೇಜ್ ರೆಗ್ಯುಲೇಟರನ್ನು, ಸಡಿಲವಾದ ಜೋಡಣೆಯನ್ನು ಸಂಶಯಿಸಬೇಕು.

ಮೂರು ಫೇಸಿನ ಕಡೆ ಒಂದು ಸಾಲಿನ ದೀಪ ಮಂಕಾಗಿ ಇನ್ನೊಂದು ಸಾಲಿನದು ಉರಿದೇಳುವಂತೆ ಹೊಳೆದರೆ ನ್ಯೂಟ್ರಲ್ ತಂತಿ ಕಡಿದಿರುವ ಸೂಚನೆ. ಆಗ ಯೋಚಿಸುತ್ತ ನಿಲ್ಲಬೇಡಿ, ಮೇನು ಆರಿಸಿರಿ. ಫ್ರಿಜ್ಜುಗಳು ಸುಡುವುದು ಹೆಚ್ಚಾಗಿ ಇಂಥ ಹೊತ್ತಿನಲ್ಲಿಯೇ.

ಇನ್ವರ್ಟರಿನಲ್ಲಿ ಮೊದಲು ಬ್ಯಾಟರಿ ನೋಡಿರಿ. ತುಂಬಿದ 12 ವೋಲ್ಟಿನ ಬ್ಯಾಟರಿ ಹೊರೆಯಿಲ್ಲದೆ ಸುಮಾರು 12.6 ತೋರಿಸುತ್ತದೆ, 11.8ಕ್ಕೆ ಇಳಿದರೆ ಹೆಚ್ಚುಕಡಿಮೆ ಬರಿದಾಗಿದೆ. ಹೊರೆ ಇರುವಾಗ ಬ್ಯಾಟರಿಯ ಸೀಸದ ಕಂಬಗಳಲ್ಲಿ ಒಮ್ಮೆ, ಇನ್ವರ್ಟರಿನ ತುದಿಯಲ್ಲಿ ಒಮ್ಮೆ ಅಳೆದಾಗ ಹೆಚ್ಚು ಅಂತರ ಕಂಡರೆ ನಡುವಿನ ಕೇಬಲ್ಲು ಕೆಟ್ಟಿದೆ ಅಥವಾ ಜೋಡಣೆಗೆ ಕಿಲುಬು ಹಿಡಿದಿದೆ. ಒಂದು ಎಚ್ಚರಿಕೆ: ಅಗ್ಗದ ಇನ್ವರ್ಟರಿನ ಚೌಕ ಅಲೆಯನ್ನು ಸಾಮಾನ್ಯ ಮೀಟರು ತಪ್ಪಾಗಿ ಓದುತ್ತದೆ. ಮೀಟರಿನ ಮಾತನ್ನೇ ನಂಬಿ ಯಂತ್ರವನ್ನು ದೂರಬೇಡಿ.

ನೋಡುವುದು, ಬರೆದಿಡುವುದು ನಮ್ಮ ಕೆಲಸ. ಪೆಟ್ಟಿಗೆ ಬಿಚ್ಚುವುದು ಪರವಾನಗಿಯುಳ್ಳ ಎಲೆಕ್ಟ್ರೀಷಿಯನ್ನನ ಕೆಲಸ. ಅವನನ್ನು ಕರೆಸುವುದು ಮಾಲೀಕರ ಹೊಣೆ. ಚೇಂಜ್‌ಓವರ್ ಸ್ವಿಚ್ಚಿಲ್ಲದೆ ಜನರೇಟರನ್ನು ಮನೆಯ ತಂತಿಗೆ ಜೋಡಿಸಿದರೆ ಕರೆಂಟು ಹಿಂದಕ್ಕೆ ಹರಿದು, ಕಂಬವೇರಿದ ಲೈನ್‌ಮನ್ ಸಾಯುತ್ತಾನೆ. ಅವನೂ ನಮ್ಮಂಥ ಕೂಲಿಯವನೇ. ಮುಚ್ಚಿದ ಅಡಿಗೆಮನೆಯಲ್ಲಿಯೋ ಮಲಗುವ ಕೋಣೆಯ ಬಳಿಯೋ ಎಂಜಿನು ನಡೆಸಿದರೆ ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡು ನಿದ್ದೆಯಲ್ಲಿಯೇ ಕೊಲ್ಲುತ್ತದೆ. ಇಂಥ ಕಡೆ ಜನರೇಟರು ಹಚ್ಚಲು ಯಾರು ಹೇಳಿದರೂ ಹಚ್ಚಬಾರದು.

ಜನರೇಟರಿನ ಬಳಿ ಒಂದು ವಹಿ ತೂಗುಹಾಕಿರಿ. ಹೊತ್ತು, ವೋಲ್ಟೇಜು, ಹರ್ಟ್ಸು, ಆಗ ಓಡುತ್ತಿದ್ದ ಯಂತ್ರಗಳು, ಇಷ್ಟನ್ನು ದಿನವೂ ಬರೆಯಿರಿ. ಓದುಬರಹ ಬಲ್ಲವರು ಬಾರದವರಿಗೆ ಬರೆದುಕೊಡಿರಿ. ನಾಳೆ ಯಂತ್ರ ಸುಟ್ಟು ಹುಡುಗನ ಸಂಬಳಕ್ಕೆ ಕತ್ತರಿ ಬೀಳುವ ಹೊತ್ತು ಬಂದರೆ ಆ ವಹಿಯನ್ನು ಗಲ್ಲಾದ ಮುಂದೆ ಬಿಚ್ಚಿ ತೋರಿಸೋಣ.